ಎತ್ತರ ನಿಂತ ಏಡಿ

ಬಿಬವೇವಾಡಿ, ಪುಣೆ
೧೬ ಸೆಪ್ಟೆಂಬರ್ ೨೦೨೫

ಪ್ರೀತಿಯ ಅವ್ವಾ,

ನಿನಗೂ ಅಪ್ಪಾಜಿಗೂ ನಿಮ್ಮ ಉದ್ದನೆಯ ಮಗಳ ನಮಸ್ಕಾರ. ಬಂದ ಕೂಡಲೇ ಬರೆಯುತ್ತೇನೆಂದು ಆಣೆ ಮಾಡಿ ಬಂದವಳು ಈಗ ಬರೆಯುತ್ತಿದ್ದೇನೆ, ಬೈಯಬೇಡ. ಫೋನ್ ಮಾಡಿದರೆ ಅಪ್ಪಾಜಿ ಸ್ಪೀಕರ್ ಹಾಕಿಬಿಡುತ್ತಾರೆ, ಎಲ್ಲವನ್ನೂ ಹೇಳಲಾಗುವುದಿಲ್ಲ. ನನ್ನದು ಇಂಗ್ಲಿಷ್ ಶಾಲೆಯ ಕನ್ನಡ, ತಪ್ಪಿದ್ದರೆ ನಕ್ಕುಬಿಡು.

ಅವ್ವಾ, ನಾನು ತುಂಬಾ ತುಂಬಾ ಸುಖವಾಗಿದ್ದೇನೆ! ಅತ್ತೆಯ ಕಟ್ಟುನಿಟ್ಟೆಲ್ಲ ಇವರಿಗೆ ಮಾತ್ರ. ಇವರು ಕಾಲೇಜಿನ ಲ್ಯಾಬಿನಿಂದ ಬಂದರೆ ಸಾಕು, “ಏಡಿ ಮುಟ್ಟಿದ ಕೈಲೆ ನನ್ನ ಡಬ್ಬಿ ಮುಟ್ಟಬ್ಯಾಡ, ಮೊದಲ ಜಳಕಾ ಮಾಡು!” ಎಂದು ಬಾಗಿಲಲ್ಲೇ ತಡೆಯುತ್ತಾರೆ.

ಹೋದ ವಾರ ಶಿವಾಜಿನಗರದ ಇವರ ಲ್ಯಾಬಿಗೆ ಹೋಗಿ ಆ ಏಡಿಗಳನ್ನು ನಾನೂ ನೋಡಿದೆ. ಮೂಲೆಯಲ್ಲಿ ಮುದುಡಿದ್ದ ಒಂದು ಸಣ್ಣ ಏಡಿಗೆ ಇವರು ಸೆರೊಟೋನಿನ್ ಸೂಜಿ ಹಾಕಿದರು. ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಇಂಥ ರಾಸಾಯನಿಕಗಳಿಂದಲೇ ಅಂತೆ. ಸ್ವಲ್ಪ ಹೊತ್ತಿಗೆ ಅದು ಕಾಲುಗಳ ಮೇಲೆ ಮೈಯೆತ್ತಿ, ಇಕ್ಕಳ ಅಗಲಿಸಿ, ಪೈಲ್ವಾನನಂತೆ ನಿಂತಿತು! ಪಕ್ಕದ ತೊಟ್ಟಿಯ ಏಡಿಗೆ ಆಕ್ಟೊಪಮಿನ್ ಎಂಬ ಬೇರೆಯದನ್ನು ಕೊಟ್ಟಿದ್ದರು. ಪಾಪ, ಅದು ನೆಲಕ್ಕಂಟಿಕೊಂಡಿತ್ತು.

“ನನಗೂ ಒಂದು ಸೂಜಿ ಹಾಕ್ರಿ,” ಅಂದೆ.

ಇವರು ನಗಲಿಲ್ಲ. “ಮನುಷ್ಯಾರದು ಇಷ್ಟು ಸರಳ ಇಲ್ಲ, ರೇಣು. ನಿನಗ ಬಗ್ಗೂದು ಯಾರೋ ಕಲಿಸ್ಯಾರ.”

ನಿನ್ನೆ ಸದಾಶಿವ ಪೇಠದ ಸ್ಟುಡಿಯೊಗೆ ಹೋಗಿದ್ದೆವು. ಮದುವೆಯ ಆಲ್ಬಮ್ಮಿನಲ್ಲಿ ನಾನು ಎಲ್ಲ ಕಡೆಯೂ ಸೀರೆಯೊಳಗೆ ಮೊಣಕಾಲು ಮಡಿಸಿ ನಿಂತಿದ್ದೇನಲ್ಲ, ಗೋಡೆಗೆ ಹಾಕಲು ಅತ್ತೆಗೆ ಒಂದೂ ಹಿಡಿಸಲಿಲ್ಲ. ಸ್ಟುಡಿಯೊದವನೂ ಅದನ್ನೇ ಹೇಳಬೇಕೇ? “ವಹಿನೀ, ಥೋಡ್ಯಾ ವಾಕಾ,” ಅಂದ, ಅತ್ತಿಗೆ, ಸ್ವಲ್ಪ ಬಗ್ಗಿ ಅಂತ. ನನ್ನ ಮೊಣಕಾಲು ತಾವೇ ಮಡಿಚಿಕೊಂಡವು.

“ಯಾಕ ಬಗ್ಗತಿ?” ಎಂದರು ಅತ್ತೆ. “ಎತ್ತರದ ಹುಡುಗಿ ಅಂತ ನೋಡೇ ತಂದೀವಿ. ನೆಟ್ಟಗ ನಿಂದ್ರು!”

“ಏಡಿ ಹಂಗ,” ಎಂದು ಇವರು ಪಿಸುಗುಟ್ಟಿದರು.

ನಗು ತಡೆಯಲಾಗದೆ ನಿಂತೇಬಿಟ್ಟೆ. ಫೋಟೊ ಕಳಿಸಿದ್ದೇನೆ. ಇವರು ನನ್ನ ಕಿವಿಯವರೆಗೆ ಬರುತ್ತಾರೆ, ಆದರೆ ಮುಖ ನೋಡು, ಎಷ್ಟು ಖುಷಿ!

ಕೈಯೆತ್ತಿ ಹರಸು, ಅವ್ವಾ. ನಿನ್ನ ಕಾಲಿಗೆ ಬೀಳುವುದೊಂದನ್ನು ಬಿಟ್ಟರೆ ಇನ್ನು ಯಾತಕ್ಕೂ ಬಗ್ಗುವುದಿಲ್ಲ.

ನಿನ್ನ
ರೇಣು

ತಾ.ಕ.: ಮದುವೆಯಲ್ಲಿ ಹಿಂದೆ ನಿಂತು “ಬಗ್ಗು ರೇಣು, ಬಗ್ಗು” ಅನ್ನುತ್ತಿದ್ದವಳು ನೀನೇ. ಸಿಟ್ಟಿಲ್ಲ. ನಿನ್ನ ಮದುವೆಯ ಫೋಟೊದಲ್ಲಿ ಅಪ್ಪಾಜಿ ನಿಂತಿದ್ದಾರೆ, ನಿನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದಾರೆ. ಅವರ ಪಕ್ಕ ನೀನು ನೆಟ್ಟಗೆ ನಿಂತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅವ್ವಾ, ನಿನ್ನ ಎತ್ತರ ಎಷ್ಟೆಂದು ನನಗೆ ಗೊತ್ತೇ ಇಲ್ಲ. ದೀಪಾವಳಿಗೆ ಇಬ್ಬರೂ ಬನ್ನಿ. ನಮ್ಮ ಫೋಟೊದ ಪಕ್ಕ ಗೋಡೆಯಲ್ಲಿ ಜಾಗ ಬಿಟ್ಟಿದ್ದೇನೆ.