ರಾಣಿಯನ್ನು ಕರೆದ ಕೂಗು

ಮಂಗಳಾ,

ಪುಸ್ತಕದ ಹಿಂದೆ ನಿನ್ನ ವಿಳಾಸವಿದೆ. ಆದರೂ ಇದನ್ನು ಅಂಚೆಗೆ ಹಾಕುವುದಿಲ್ಲ.

ನಿನ್ನ ಮಾಯಾಲೋಕದ ಕಾದಂಬರಿಯ ನಾಲ್ಕನೇ ಭಾಗವನ್ನು ನನ್ನ ಮಗಳು ಸಂಜೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದಳು. ರಾಣಿಯ ಸಿಂಹಾಸನ ಕಸಿಯಲು ಮಂತ್ರಿಗಳ ಸಂಚು ನಡೆದಿದೆ. ಕೋಟೆಯ ಹೊರಗೆ ನಿಂತ ಮಾಟಗಾತಿ ಮಂತ್ರ ಹಾಕಿ ರಾಣಿಯನ್ನು ಕರೆಯುತ್ತಾಳೆ: "ತಿರಿ ತಿರಿ ಹೋಯ್, ಬಂದ್ಬುಡೇ ನನ್ ಚಿನ್ನ!"

ನಮ್ಮ ಕುರಿಗಳೆಲ್ಲ ರೊಪ್ಪದ ಬೇಲಿ ತಳ್ಳಿಕೊಂಡು ಬಂದು ಮಗಳ ಮುಂದೆ ನಿಂತವು!

ಮದುವೆಗೆ ಮುಂಚೆ ಸಿದ್ದರಬೆಟ್ಟದ ತಪ್ಪಲಲ್ಲಿ ಕುರಿ ಮೇಯಿಸುವಾಗ ನಾನು ನಿನಗೊಬ್ಬಳಿಗೇ ಕಲಿಸಿದ್ದ ಕೂಗು ಅದು.

ಅತ್ತೆ ಒಳಗಿಂದ ಓಡಿಬಂದರು. "ಲೇ ಗಂಗಿ, ಇದು ನಿಮ್ಮಪ್ಪನ ಮನೆ ಕೂಗು ಕಣೇ! ಬ್ಯಾರೇರಿಗೆ ಕಲಿಸಂಗಿಲ್ಲ. ಇದ ಬರ್ದೋಳಿಗೆ ಹೆಂಗೆ ಗೊತ್ತಾಯ್ತು? ಯಾರವಳು?"

"ಗೊತ್ತಿಲ್ಲತ್ತೆ" ಅಂದೆ.

ಮಗಳು ಹಾಳೆ ತಿರುಗಿಸಿದಳು. ಅಲ್ಲಿ ಮಂತ್ರಿಗಳೂ ಮಾಟಗಾತಿಯ ಬಗ್ಗೆ ಅದನ್ನೇ ಕೇಳುತ್ತಾರೆ, ಯಾರವಳು ಎಂದು. ರಾಣಿ ಕಿರೀಟ ತೆಗೆದಿಟ್ಟು, ತುಂಬಿದ ಸಭೆಯಲ್ಲಿ ಹೇಳುತ್ತಾಳೆ: "ನನ್ನವಳು."

ಕುರಿಗಳನ್ನು ರೊಪ್ಪಕ್ಕೆ ಸೇರಿಸಬೇಕಿತ್ತು. ಆ ಕೂಗು ಹಾಕಲು ಬಾಯಿ ಬರಲಿಲ್ಲ. ಕೋಲು ತೆಗೆದುಕೊಂಡು ಅಟ್ಟಿದೆ.

ಗಂಗಲಕ್ಷ್ಮಿ