ಗೋಲಿಯಷ್ಟು ಆಲಿಕಲ್ಲು

ಮೇ 21, ಮಂಗಳವಾರ

ಟೊಮೆಟೊ ಸಸಿಗಳಿಗೆ ಬಕೆಟ್ ಕವುಚಿ ಬಂದೆ. ದಕ್ಷಿಣದ ಗಾಳಿ, ಮೈಗೆಲ್ಲ ಅಂಟು. ಇಂಥ ಸಂಜೆ ಎಮಿಲ್ ಊಟಕ್ಕೂ ಕೂರುತ್ತಿರಲಿಲ್ಲ. ನೆಬ್ರಾಸ್ಕಾದ ಗುಡುಗುಮಳೆ ಕಳ್ಳನ ಹಾಗೆ, ಊರು ಮಲಗಿದ ಮೇಲೇ ಬರೋದು ಅನ್ನುತ್ತಿದ್ದರು.

ಮಲಗಿದ ಮೇಲೆ ಫೋನ್. ಹವಾಮಾನ ಕಚೇರಿಯ ಕರ್ಟ್. ಇಲ್ಲಿನ ಮಳೆ, ಆಲಿಕಲ್ಲಿನ ಸುದ್ದಿಯನ್ನು ನನ್ನ ಗಂಡನನ್ನೇ ಕೇಳುವ ರೂಢಿ ಅವನದು.

"ಎಬ್ಬಿಸಿದ್ನಾ ಮೇಡಂ? ರೇಡಾರ್‌ಗೆ ಮೋಡ ಕಾಣುತ್ತೆ, ನೆಲ ಕಾಣಲ್ಲ. ಎಮಿಲ್ ಇದಾರಾ?"

ಅವರನ್ನು ಮಣ್ಣು ಮಾಡಿದ್ದು ಮಾರ್ಚ್‌ನಲ್ಲಿ. ಅವನಿಗೆ ಯಾರೂ ತಿಳಿಸಿಲ್ಲ.

"ಹೊರಗಿದಾರೆ," ಅಂದೆ. ಸುಳ್ಳೇನಲ್ಲ ಅಂದುಕೊಂಡೆ.

"ಗೊತ್ತಿತ್ತು ಬಿಡಿ! ಮೋಡ ಕಂಡ್ರೆ ಆ ಮನುಷ್ಯ ಒಳಗೆಲ್ಲಿರ್ತಾರೆ?"

ನಾನೂ ನಕ್ಕೆ. ಅಂಗಳಕ್ಕೆ ಹೋಗಿ ನೋಡಿ ಬಂದು, "ಬರೀ ಮಳೆ ಅಂತೆ," ಅಂದೆ.

ಜೂನ್ 2

ಮತ್ತೆ ಕರ್ಟ್. "ಎಮಿಲ್ ಹುಷಾರಾ?" "ಹುಷಾರು." ಈ ಮನೆಗೆ ಫೋನ್ ಮಾಡಿ ಅವರನ್ನು ಕೇಳುವವನು ಇವನೊಬ್ಬನೇ ಉಳಿದಿರುವುದು.

ಜೂನ್ 15, ಶನಿವಾರ, ಬೆಳಗಿನ ಜಾವ

ಕರ್ಟ್‌ಗೆ ಅವಸರ. "ಕಾಲು ಡಾಲರ್ ನಾಣ್ಯದಷ್ಟು ಆಲಿಕಲ್ಲು ಬೀಳ್ತಿದ್ರೆ ಕೆರೆ ಹತ್ರ ಟೆಂಟ್ ಹಾಕಿರೋರಿಗೆಲ್ಲ ಫೋನಲ್ಲಿ ಎಚ್ಚರಿಕೆ ಕೊಡ್ಬೇಕು. ಹಿಂದೇನೇ ಗಾಳಿ ಇರುತ್ತೆ. ಹೋದ ವಾರ ಸುಮ್ನೆ ಎಬ್ಬಿಸಿ ಬೈಸ್ಕೊಂಡಿದೀವಿ. ಎಮಿಲ್ ಏನಂತಾರೆ?"

ಚಾವಣಿ ಮೇಲೆ ದಬದಬ. ಸಿಡಿಲಿಗೆ ಹೆದರಿ ಹಾಸಿಗೆ ಬಿಟ್ಟು ಏಳಲಿಲ್ಲ.

"ಗೋಲಿಯಷ್ಟು ಅಂತಾರೆ."

"ಗೋಲಿ? ಎಮಿಲ್ ಗೋಲಿ ಅಂದ್ರಾ?"

ಕಲ್ಲನ್ನು ಒಳಗೆ ತಂದು, ಪಕ್ಕದಲ್ಲಿ ಕಾಲು ಡಾಲರ್ ಇಟ್ಟು ನೋಡದೆ ಎಮಿಲ್ ಬಾಯಿ ಬಿಡುತ್ತಿರಲಿಲ್ಲ. "ಗೋಲಿ ಹತ್ತು ಥರ ಇರ್ತವೆ ಕಣೇ, ಕಾಲು ಡಾಲರ್ ಒಂದೇ ಥರ," ಅನ್ನುತ್ತಿದ್ದರು.

"ಚಿಕ್ಕ ಗೋಲಿ," ಅಂದೆ.

"ಅವರು ಹೇಳಿದ್ಮೇಲೆ ಮುಗೀತು. ಮಲಗಿರ್ಲಿ ಜನ."

ಅದೇ ದಿನ, ಸಂಜೆ

ನಮ್ಮ ಟ್ರಕ್ಕಿನ ಗಾಜು ಪುಡಿಪುಡಿ. ಪಕ್ಕದ ಮನೆ ಮಾರ್ಲೀನ್ ಬಂದಳು. ಕೆರೆ ದಂಡೆಯಲ್ಲಿ ಮರದ ಕೊಂಬೆ ಮುರಿದು ಟೆಂಟ್ ಮೇಲೆ ಬಿತ್ತಂತೆ. ಒಳಗೆ ಅವಳ ಮೊಮ್ಮಗಳು ಟೆಸ್ಸಾ. ಬೆನ್ನುಮೂಳೆ...

"ಒಂದು ಫೋನೂ ಕಿರುಚಲಿಲ್ಲ ಕಣೇ! ಸಂಬಳ ತಗೊಂಡು ಗೊರಕೆ ಹೊಡೀತಾರೆ ಆ ಹವಾಮಾನದೋರು. ನಿನ್ನ ಎಮಿಲ್ ಇದ್ದಿದ್ರೆ ಹೀಗಾಗ್ತಿತ್ತಾ?"

ಕಾಫಿ ಬಗ್ಗಿಸಿದೆ. ಲೋಟ ತುಂಬಿ ಮೇಜಿನ ಮೇಲೆಲ್ಲ ಹರಿಯಿತು. ಗಂಡನ ನೆನಪಾಯಿತು ಅಂದುಕೊಂಡು ಅವಳೇ ನನ್ನನ್ನು ತಬ್ಬಿಕೊಂಡಳು. ಸುಮ್ಮನೆ ತಬ್ಬಿಸಿಕೊಂಡೆ.

ಜೂನ್ 24, ಸೋಮವಾರ

ಟೆಸ್ಸಾಗೆ ಇನ್ನೂ ಕಾಲು ಸ್ವಾಧೀನಕ್ಕೆ ಬಂದಿಲ್ಲ. ಊಟದ ಹೊತ್ತಿಗೆ ನಾನೇ ಕರ್ಟ್‌ಗೆ ಫೋನ್ ಮಾಡಿದೆ. ಅವನೇ ಮೊದಲು ಮಾತಾಡಿದ.

"ಎಮಿಲ್ ನೊಂದ್ಕೊಂಡಿದಾರಾ? ನಿರ್ಧಾರ ನಂದು, ಬೈಗುಳಾನೂ ನಂದೇ ಅಂತ ಹೇಳಿ. ಆದ್ರೆ ಮೇಡಂ... ಇಲ್ಲಿ ಮೇಲಿನವರು ಅವರಿಗೆ ವಯಸ್ಸಾಯ್ತು, ಕಣ್ಣು ಮಂಜಾಗಿದೆ, ಇನ್ಮೇಲೆ ಕೇಳ್ಬೇಡ ಅಂತಿದಾರೆ."

ಸತ್ತವರ ಕಣ್ಣಿಗೂ ಮಸಿ ಬಳಿದಿದ್ದೆ.

"ಅವರ ಕಣ್ಣು ಚೆನ್ನಾಗಿತ್ತು," ಅಂದೆ.

"...ಇತ್ತು?"

ಊರಿಗೆಲ್ಲ ಗೊತ್ತಿದ್ದ ಸಾವು. ಬಾಯಿಬಿಟ್ಟು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಹೇಳಿದೆ. ನಾನು ಹಾಸಿಗೆಯಲ್ಲೇ ಇದ್ದದ್ದನ್ನೂ ಹೇಳಿದೆ. ಕರ್ಟ್ ಬೈಯಲಿಲ್ಲ. "ಮಾರ್ಚ್‌ನಲ್ಲೇ?" ಅಂದ, ಅಷ್ಟೇ.

ಇನ್ನು ಮಾರ್ಲೀನ್. ಆಸ್ಪತ್ರೆಯಿಂದ ಬಂದಿದ್ದಾಳೆ, ಕಾರು ನಿಂತಿದೆ. ಶೂ ಹಾಕಿಕೊಂಡು ಅವಳ ಗೇಟಿನವರೆಗೆ ಹೋದವಳು ವಾಪಸ್ ಬಂದು ಇದನ್ನು ಬರೆಯುತ್ತ ಕೂತಿದ್ದೇನೆ. ಅವಳು ತನ್ನ ಮನೆ ಕಿಟಕಿಯಿಂದಲೇ ಕೂಗುತ್ತಿದ್ದಾಳೆ — "ಏನೇ, ಬಂದವಳು ಹಾಗೇ ಹೊರಟೆ? ಬಾರೇ ಒಳಗೆ!"

ಹೋಗಿ ಹೇಳುತ್ತೇನೆ.