ದಿನಕ್ಕೆ ನಲವತ್ತೇಳು ನಿಮಿಷ

ಮಾರ್ಚ್ ೯, ಭಾನುವಾರ

ಒಲೆಗೂ ಆಫೀಸಿಗೂ ನಡುವೆ ಉಸಿರು ಬಿಡಲು ಪುರುಸೊತ್ತಿಲ್ಲದ ಸಮಸ್ತ ಸಂಸಾರಸ್ಥ ಮಹಾಜನರೇ, ವೇದಿಕೆಯ ಮೇಲಿನ ಗಣ್ಯರೇ, ಕೆಳಗಿನ ನಗಣ್ಯರೇ, ಮತ್ತು ಈ ಮಹಾಸಭೆಯ ಏಕೈಕ ಶ್ರೋತೃವಾದ ನನ್ನ ಅಕ್ಕನೇ,

ನಮಸ್ಕಾರ. ಭಾಷಣ ತಡವಾದದ್ದಕ್ಕೆ ಕ್ಷಮೆಯಿರಲಿ. ಬಸ್ ಡಿಪೋದಲ್ಲಿ ಹೊಸ ವೇಳಾಪಟ್ಟಿ ಹಾಕುವ ಕಾಲ. ಇಪ್ಪತ್ತೆರಡು ವರ್ಷದಿಂದ ಬಸ್ಸುಗಳಿಗೆ ಹೊತ್ತು ಗೊತ್ತುಮಾಡುವವನಿಗೆ ಒಂದು ಕಾಗದ ಬರೆಯಲು ಹೊತ್ತು ಸಿಗಲಿಲ್ಲ ಎಂದರೆ ನೀನು ನಗುತ್ತೀಯ. ನಗು.

ಕಡ್ಡಿ ನಿನ್ನ ಮನೆಗೆ ಬಂದು ಇವತ್ತಿಗೆ ಏಳು ವಾರ. ಕಾಲೇಜಿಗೆ ಹತ್ತಿರವಾಗುತ್ತದೆ ಎಂದು ಕಾರಣ ಕೊಟ್ಟು ಹೋದಳು. ನಮ್ಮ ಮನೆಯಿಂದ ಕಾಲೇಜಿಗೆ ಹದಿನೆಂಟು ನಿಮಿಷ, ನಿನ್ನ ಮನೆಯಿಂದ ನಲವತ್ತೊಂದು. ಹೆತ್ತ ಮಗಳು ಹೋಗಿ ಹೋಗಿ ನನ್ನ ಹತ್ತಿರವೇ ಈ ಸುಳ್ಳು ಹೇಳಿದಳಲ್ಲ, ಡಿಪೋದಲ್ಲಿ ಗೊತ್ತಾದರೆ ನನ್ನ ಮರ್ಯಾದೆ ಏನು?

ನಾನು ಫೋನ್ ಮಾಡಿದರೆ ಅವಳು ಎತ್ತುವುದಿಲ್ಲ. ನೀನು ಎತ್ತುತ್ತೀಯ, ನಿನ್ನ ಪುಣ್ಯ. "ನಿನ್ನ ಹೆಸರು ಕಂಡ್ರೆ ಫೋನನ್ನ ಮಗುಚಿ ಇಡ್ತಾಳೆ ಕಣೋ. ಆದ್ರೆ ಸಂಜೆಯಾದ್ರೆ ಸಾಕು, ನನ್ನ ಅಡುಗೆ ಕಟ್ಟೆ ಹತ್ತಿ ಕೂತು, ಕಾಲು ಆಡಿಸ್ತಾ ಎರಡೆರಡು ಗಂಟೆ ಮಾತಾಡ್ತಾಳೆ. ಅನ್ನಕ್ಕಿಡೋಕೂ ಬಿಡಲ್ಲ" ಎಂದೆಯಲ್ಲ. ಏನು ಮಾತಾಡುತ್ತಾಳೆ ಎಂದು ಕೇಳಿದೆ. "ಅದು ಅವಳ ಮಾತು, ಅವಳೇ ಹೇಳ್ಲಿ" ಎಂದೆ. ಸರಿ, ಬಿಡು.

ಆದರೆ ದಿನಕ್ಕೆ ಎರಡು ಗಂಟೆ ನಷ್ಟ ಎಂದರೆ ಹುಡುಗಾಟವಲ್ಲ. ಸ್ಕೂಲು, ಮನೆ ಎರಡನ್ನೂ ನಿಭಾಯಿಸುವ ಟೀಚರಮ್ಮ ನೀನು. ಒಡಹುಟ್ಟಿದವನು ಸುಮ್ಮನಿದ್ದರೆ ಹೇಗೆ? ಆದ್ದರಿಂದ ನನ್ನ ಅಡುಗೆಮನೆಯಲ್ಲಿ ಪರೀಕ್ಷಿಸಿದ ಕೆಲವು ಸೂತ್ರಗಳನ್ನು ಸಭೆಯ ಮುಂದಿಡುತ್ತಿದ್ದೇನೆ.

ಮಲಗುವ ಮುಂಚೆ ನೆನೆಸು ಕಾಳು, ಬೆಳಗಾದರೆ ಇಲ್ಲ ಗೋಳು. ಮರೆತೆಯೋ, ಬೆಳಿಗ್ಗೆ ಬಿಸಿನೀರಿನ ಫ್ಲಾಸ್ಕಿಗೆ ಕಾಳು ಸುರಿದು ಮುಚ್ಚಿ ಕೆಲಸಕ್ಕೆ ಹೋಗು. ಸಂಜೆ ಬರುವಷ್ಟರಲ್ಲಿ ಉಬ್ಬಿ ಕೂತಿರುತ್ತದೆ, ನಮ್ಮ ಡಿಪೋ ಮ್ಯಾನೇಜರ ಹಾಗೆ.

ಹರಿತವಿರಲಿ ಚಾಕು, ಹತ್ತು ನಿಮಿಷ ಸಾಕು. ಸಾಣೆ ಹಿಡಿಯುವವನಿಗೆ ಕಾಯಬೇಡ. ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಒರಟು ಅಂಚಿಗೆ ನಾಲ್ಕು ಸಲ ಮಸೆ.

ಒರೆಸಿಟ್ಟರೆ ಸೊಪ್ಪು, ವಾರವಾದರೂ ಬಾರದು ಕಪ್ಪು. ತೊಳೆದು, ಆರಿಸಿ, ಒಣಬಟ್ಟೆಯಲ್ಲಿ ಸುತ್ತಿಡಬೇಕು. ಹಸಿಯಾಗಿಯೇ ಇಟ್ಟರೆ ಪ್ರಾಸವೂ ಕೊಳೆಯುತ್ತದೆ.

ಬೆಳ್ಳುಳ್ಳಿ ಎಸಳನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಜೋರಾಗಿ ಕುಲುಕಿದರೆ ಸಿಪ್ಪೆ ತಾನಾಗಿಯೇ ಕಳಚುತ್ತದೆ. ಕೆಳಮನೆಯ ದರ್ಜಿ ಮೊದಲ ದಿನವೇ ಮೆಟ್ಟಿಲು ಹತ್ತಿ ಬಂದು, "ಏನ್ ಸಾರ್, ಮನೇಲಿ ಬ್ಯಾಂಡ್‌ಸೆಟ್ ಶುರು ಮಾಡಿದ್ರಾ?" ಎಂದ. ಬೆಳ್ಳುಳ್ಳಿಗೆ ಈರುಳ್ಳಿ ಬಿಟ್ಟರೆ ಬೇರೆ ಪ್ರಾಸ ಸಿಗಲಿಲ್ಲ, ಹುಡುಕುತ್ತಿದ್ದೇನೆ.

ಇವೆಲ್ಲ ಚಿಲ್ಲರೆ. ನನ್ನ ಮಹಾಕೃತಿ ಎಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿ. ನಮ್ಮ ಅಡುಗೆಮನೆ ನಿನಗೆ ಗೊತ್ತಲ್ಲ, ಒಬ್ಬರು ಬಗ್ಗಿದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಡಿಪೋದ ಲೆಕ್ಕದಲ್ಲಿ ಒಂದೇ ಪ್ಲಾಟ್‌ಫಾರಂ, ಮೂರು ಬಸ್ಸು. ಹಾಗಾಗಿ ಅಡುಗೆಗೆ ನಾನು ಐದೂ ನಲವತ್ತರಿಂದ ಆರೂವರೆ. ಡಬ್ಬಿ ತುಂಬಿಕೊಳ್ಳಲು ಮಗಳು ಏಳೂ ಹತ್ತರಿಂದ ಏಳೂ ಇಪ್ಪತ್ತೈದು. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬರುವ ನರ್ಸಮ್ಮ, ಅಂದರೆ ನಿನ್ನ ತಮ್ಮನ ಹೆಂಡತಿ, ಎಂಟೂಕಾಲಿಗೆ. ಯಾರೂ ಯಾರಿಗೂ ಡಿಕ್ಕಿ ಹೊಡೆಯುವುದಿಲ್ಲ. ದಿನಕ್ಕೆ ನಲವತ್ತೇಳು ನಿಮಿಷ ಉಳಿತಾಯ.

ನರ್ಸಮ್ಮ ಮೊದಲ ದಿನ ಅದನ್ನು ಓದಿ, "ಇದು ಅಡುಗೆಮನೆಯೋ ಬಸ್‌ಸ್ಟ್ಯಾಂಡೋ?" ಎಂದಳು. "ಬಸ್‌ಸ್ಟ್ಯಾಂಡಿಗೇನು ಕಮ್ಮಿ?" ಎಂದೆ. "ಅಲ್ಲಾದ್ರೂ ಜನ ನಿಂತು ಮಾತಾಡ್ತಾರೆ ಕಣ್ರೀ" ಎಂದು ಚಪ್ಪಲಿ ಬಿಟ್ಟು ಮಲಗಲು ಹೋದಳು. ಡಿಪೋದಲ್ಲಿ ಒಬ್ಬ ಹಳೆಯ ಡ್ರೈವರ್‌ಗೂ ಹೇಳಿ ಜಂಬಪಟ್ಟೆ. "ನೀವು ಉಳಿಸಿ ಕೊಡೋ ಎರಡು ನಿಮಿಷಾನ ನಾನು ಮುಂದಿನ ಸಿಗ್ನಲಲ್ಲಿ ನಿಂತು ತೀರಿಸ್ತೀನಿ ಸಾರ್" ಎಂದ. ಜ್ಞಾನಿಗಳಿಗೆ ಎಲ್ಲ ಕಾಲದಲ್ಲೂ ಇದೇ ಗತಿ.

ಆ ನಲವತ್ತೇಳು ನಿಮಿಷ ಏನು ಮಾಡುತ್ತೀಯ ಎಂದು ನೀನು ಕೇಳಬಹುದು. ಕುರ್ಚಿಯಲ್ಲಿ ಕೂತಿರುತ್ತೇನೆ. ಹೋದ ವಾರ ನರ್ಸಮ್ಮ ಬಂದವಳು ನನ್ನನ್ನೂ ಅಡುಗೆಮನೆಯನ್ನೂ ನೋಡಿ, "ಪ್ಲಾಟ್‌ಫಾರಂ ಪೂರ್ತಿ ಖಾಲಿ. ಈಗ ಖುಷೀನಾ?" ಎಂದಳು. ಖುಷಿಗೊಂದು ಪ್ರಾಸ ಹುಡುಕುತ್ತಾ ಅಲ್ಲೇ ಕೂತೆ.

ಭಾವನ ಮಂಡಿನೋವು ಹೇಗಿದೆ? ಬಿಸಿನೀರಿನ ಶಾಖ ಬಿಡದಿರಲಿ. ನಿಮ್ಮಿಬ್ಬರಿಗೂ ನಮಸ್ಕಾರ. ಕಡ್ಡಿಗೆ ನನ್ನ ಆಶೀರ್ವಾದ. ಬೇಡ ಎಂದರೂ ಕೊಡು. ಹೊತ್ತಿಗೆ ಸರಿಯಾಗಿ ಉಣ್ಣಲಿ. ಹೊತ್ತು ತಪ್ಪಿದರೂ ಉಣ್ಣಲಿ.

ಇತಿ,
ನಿನ್ನ ತಮ್ಮ

ತಾ.ಕ.: ಅಕ್ಕ, ನಿನಗೆ ಯಾವ ಸೂತ್ರವೂ ಬೇಕಿಲ್ಲ, ನನಗೆ ಗೊತ್ತು. ಈ ಕಾಗದ ಬರೆದದ್ದು ನಿನಗಲ್ಲ. ಓದಿ ಮುಗಿಸಿ ಅಡುಗೆ ಕಟ್ಟೆಯ ಮೇಲೆ ಬಿಟ್ಟಿರು, ಅವಳು ಕೂರುವ ಕಡೆ.

ಕಡ್ಡಿ, ನೀನು ಮನೆ ಬಿಡುವ ನಾಲ್ಕು ದಿನ ಮುಂಚೆ, ಬುಧವಾರ, ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ನೀನು ಬಾಗಿಲಲ್ಲಿ ನಿಂತು, "ಅಪ್ಪಾ, ಒಂದು ಮಾತು ಹೇಳ್ಬೇಕು" ಎಂದೆ. ಆಗ ಐದೂ ಐವತ್ತು. "ಏಳೂ ಹತ್ತು, ಅದು ನಿನ್ನ ಹೊತ್ತು" ಎಂದೆ. ಪ್ರಾಸ ಕೂಡಿತೆಂದು ನಕ್ಕೆ ಕೂಡ. ನೀನು "ಸರಿ ಅಪ್ಪಾ" ಎಂದು ಹೋದೆ. ಏಳೂ ಹತ್ತಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನೂ ಕೇಳಲಿಲ್ಲ.

ಆ ಮಾತು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತು ಬಂದಿದ್ದೆಯೋ, ಹೆದರಿ ಬಂದಿದ್ದೆಯೋ, ಅದೂ ಗೊತ್ತಿಲ್ಲ ಕಂದ. ತಲೆ ಎತ್ತಿದ್ದೆ, ಗಡಿಯಾರ ನೋಡೋಕೆ.